ಕಾರ್ಡ್ ಇರಬೇಕಾದ ಜಾಗ

ಶನಿವಾರಸಂತೆ
14 ಜುಲೈ 2025

ಶ್ರೀ ಶಿವಪ್ರಕಾಶ್ ಅವರಿಗೆ,

ಕೃಷ್ಣಪ್ಪ ಮಾವ ಹಾಕಿದ ಕರಾರಿನಂತೆ ಈ ಕಾಗದ ಬರೆಯುತ್ತಿದ್ದೇನೆ. ಒಂದು ವರ್ಷ ನಾವಿಬ್ಬರೂ ಫೋನ್ ಮಾಡುವಂತಿಲ್ಲ, ವಾಟ್ಸಾಪ್ ಕಳಿಸುವಂತಿಲ್ಲ, ಎದುರು ನಿಂತು ಮಾತಾಡುವಂತಿಲ್ಲ. ಏನಿದ್ದರೂ ಬರೆದು ಅಂಚೆಗೆ ಹಾಕಬೇಕು. "ಬಾಯಿ ಬುಟ್ರೆ ಜಗಳ ಆಯ್ತದೆ, ಬರಿಯೋವಾಗ ಆದ್ರೂ ಒಸಿ ಯೋಚ್ನೆ ಮಾಡ್ತೀರಿ" ಎಂದು ಅವರು ಅಂದದ್ದು ನಿಮಗೂ ನೆನಪಿರಬೇಕು. ನಿಮ್ಮ ಸೋದರಮಾವ ತಾನೇ. ನನ್ನ ರೂಮಿನ ಬಾಗಿಲಲ್ಲಿ ನಿಂತರೆ ನಿಮ್ಮ ಅಂಗಡಿಯ ಬೋರ್ಡು ಕಾಣುತ್ತದೆ. ಆದರೂ ಈ ಕಾಗದ ಎಲ್ಲೆಲ್ಲೋ ಸುತ್ತಿ, ನಾಲ್ಕು ದಿನ ಬಿಟ್ಟು ರಸ್ತೆಯ ಆ ಕಡೆ ತಲುಪುತ್ತದೆ. ತಲುಪಲಿ. ನಿಮ್ಮ ದನಿ ಕೇಳಬೇಕೆಂಬ ಆಸೆ ನನಗೇನಿಲ್ಲ.

ವಿಷಯ ಇಷ್ಟು. ನಾವು ಬೇರೆಯಾದ ದಿನ ನೀವು ವಾಪಸು ಕೊಟ್ಟ ಲ್ಯಾಪ್‌ಟಾಪಿನಲ್ಲಿ ವೈಫೈ ಬರುತ್ತಿಲ್ಲ. ಮದುವೆಗೆ ಮುಂಚೆ ನಮ್ಮಣ್ಣ ನನಗೆ ಕೊಡಿಸಿದ ಲ್ಯಾಪ್‌ಟಾಪ್ ಅದು. ಏಳು ವರ್ಷ ನಿಮ್ಮ ಅಂಗಡಿಯ ಕೌಂಟರಿನಲ್ಲಿ ದುಡಿಯಿತು. ಕೊಡುವಾಗ ಅದರಲ್ಲಿದ್ದ ವಿಂಡೋಸ್ ತೆಗೆದು ಅದೇನೋ ಲಿನಕ್ಸ್ ಅಂತ ತುಂಬಿ ಕೊಟ್ಟಿದ್ದೀರಿ. ಯಾವ ಗುಂಡಿ ಎಲ್ಲಿದೆ ಎಂದೇ ನನಗೆ ತಿಳಿಯುತ್ತಿಲ್ಲ. ತಿಳಿಯಬಾರದು ಎಂದೇ ಹಾಕಿದ್ದೀರಿ ಅಂತ ನನ್ನ ಅನುಮಾನ.

ಧರ್ಮಪಾಲಣ್ಣನ ಬೇಕರಿಯ ಪಕ್ಕದ ರೂಮು ಹಿಡಿದಿದ್ದೇನೆ. ಪಹಣಿ, ರೇಷನ್ ಕಾರ್ಡು, ಸ್ಕಾಲರ್‌ಶಿಪ್ ಅರ್ಜಿ, ಜೊತೆಗೆ ಕಂಪ್ಯೂಟರ್ ರಿಪೇರಿ. ಹೌದು, ರಿಪೇರಿ. ಆಗಸ್ಟ್ ಹದಿನಾರರ ಸಂತೆಯ ದಿನ ಬಾಗಿಲು ತೆಗೆಯುತ್ತೇನೆ. ಧರ್ಮಪಾಲಣ್ಣ ಬೇಕರಿಯ ವೈಫೈ ಬಳಸಿಕೋ ಅಂದಿದ್ದಾರೆ. ಗೋಡೆ ಕೊರೆದು ವೈರ್ ಎಳೆಯಲು ಕಟ್ಟಡದ ಮಾಲೀಕರು ಬಿಡುವುದಿಲ್ಲ. ಹಾಗಾಗಿ ವೈಫೈ ಇಲ್ಲದಿದ್ದರೆ ನನ್ನ ಅಂಗಡಿಯೂ ಇಲ್ಲ, ಅಣ್ಣನ ಮನೆಯ ಅಡಿಗೆಮನೆಯೇ ಗತಿ.

ನಿಮ್ಮನ್ನು ಕೇಳುತ್ತಿರುವುದಕ್ಕೆ ನನಗೇ ಮೈ ಉರಿಯುತ್ತಿದೆ. ಆದರೆ ಆ ಲಿನಕ್ಸ್ ತುಂಬಿದವರು ನೀವು. ಮಾವನ ಜಗಲಿಯಲ್ಲಿ ಹತ್ತು ಜನರ ಮುಂದೆ ನೀವು ಒಂದು ಮಾತಾಡಿದಿರಿ: "ಅವ್ಳಿಗೇನ್ ಗೊತ್ತು? ಕೌಂಟ್ರಲ್ಲಿ ಕುಂತ್ಕಂಡು ಬಿಲ್ ಬರೀತಿದ್ಲು ಅಷ್ಟೆ." ಮನೆ ಬಿಟ್ಟ ಕಾರಣ ಬೇರೆ, ಅದು ನಮ್ಮಿಬ್ಬರಿಗೆ ಗೊತ್ತು, ಅಲ್ಲೇ ಇರಲಿ. ಆದರೆ ಈ ಮಾತನ್ನು ನಾನು ನುಂಗಿಕೊಂಡಿಲ್ಲ. ನಿಮ್ಮ ಅಂಗಡಿಯ ಎದುರಿಗೇ ರೂಮು ಹಿಡಿದದ್ದು ಬಾಡಿಗೆ ಕಡಿಮೆ ಅಂತ ಅಲ್ಲ.

ಇನ್ನೊಂದು. ನನ್ನನ್ನು ಏಕವಚನದಲ್ಲಿ ಕರೆಯುವ ಕಾಲ ಮುಗಿಯಿತು.

ಇತಿ,
ರಂಜಿತಾ

—

ಶಿವು ಕಂಪ್ಯೂಟರ್ಸ್, ಶನಿವಾರಸಂತೆ
19 ಜುಲೈ 2025

ಶ್ರೀಮತಿ ಅಲ್ಲ, ಕುಮಾರಿ ಎನ್ನುವಂತಿಲ್ಲ, ಬರೀ ರಂಜಿತಾ ಅವರಿಗೆ,

ತಮ್ಮ ಕಾಗದ ತಲುಪಿತು. ತಾವು ಅಂಚೆ ಡಬ್ಬಕ್ಕೆ ಹಾಕುವುದನ್ನು ನಾನು ಇಲ್ಲಿಂದಲೇ ನೋಡಿದ್ದೆ. ಐದು ದಿನ ಕಾದೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಲಿನಕ್ಸ್ ಹಾಕಿದ್ದು ಹೊಟ್ಟೆಕಿಚ್ಚಿಗಲ್ಲ. ಆ ಮುದಿ ಯಂತ್ರಕ್ಕೆ ಈಗಿನ ವಿಂಡೋಸ್ ಹಾಕಿದರೆ ಅದು ಎದ್ದು ಕೂರುವಷ್ಟರಲ್ಲಿ ಸಂತೆ ಮುಗಿದಿರುತ್ತದೆ. ಲಿನಕ್ಸ್‌ನಲ್ಲಿ ಹಗುರಾಗಿ ಓಡುತ್ತದೆ. ನನ್ನ ಅಂಗಡಿಯಲ್ಲಿ ಚೆನ್ನಾಗಿಯೇ ಇತ್ತು, ಇಂಟರ್ನೆಟ್ ಬರುತ್ತಿತ್ತು, ನೋಡಿಯೇ ಕೊಟ್ಟೆ.

ಕೆಲವು ವೈಫೈ ಕಾರ್ಡುಗಳಿಗೆ ಲಿನಕ್ಸ್‌ನಲ್ಲಿ ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್, ತಾನಾಗಿ ಕೂರುವುದಿಲ್ಲ, ಬೇರೆಯಾಗಿ ಇಳಿಸಿಕೊಳ್ಳಬೇಕು. ಇಳಿಸಿಕೊಳ್ಳಲು ಇಂಟರ್ನೆಟ್ ಬೇಕು. ಇಂಟರ್ನೆಟ್‌ಗೆ ವೈಫೈ ಬೇಕು. ನಗಬೇಡಿ, ಎಲ್ಲ ಹೊಸಬರೂ ಇಲ್ಲೇ ಎಡವುವುದು. ತಮ್ಮ ಫೋನನ್ನು ಚಾರ್ಜರ್ ವೈರಿನಿಂದ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಫೋನಿನ ಡೇಟಾ ಲ್ಯಾಪ್‌ಟಾಪಿಗೆ ಹರಿಯುತ್ತದೆ. ಆಮೇಲೆ ಡ್ರೈವರ್ ಮ್ಯಾನೇಜರ್ ತೆರೆದರೆ ಯಾವುದು ಬೇಕೆಂದು ಅದೇ ಹೇಳುತ್ತದೆ.

ಹೇಳದಿದ್ದರೆ ಟರ್ಮಿನಲ್ ಎಂಬ ಕಪ್ಪು ಕಿಟಕಿ ತೆರೆದು ಎಲ್, ಎಸ್, ಪಿ, ಸಿ, ಐ ಎಂಬ ಐದು ಅಕ್ಷರಗಳನ್ನು ಒಂದಕ್ಕೊಂದು ಅಂಟಿಸಿ ಟೈಪಿಸಿ ಎಂಟರ್ ಒತ್ತಿ. ಒಳಗಿರುವ ಕಾರ್ಡುಗಳ ಪಟ್ಟಿ ಬರುತ್ತದೆ. ಅದರಲ್ಲಿ ನೆಟ್‌ವರ್ಕ್ ಎಂದಿರುವ ಸಾಲುಗಳನ್ನು ಬರೆದು ಕಳಿಸಿ. ಕಪ್ಪು ಕಿಟಕಿ ನೋಡಿ ಹೆದರಬೇಡಿ, ಅದು ಕಚ್ಚುವುದಿಲ್ಲ. ರಿಪೇರಿ ಅಂಗಡಿ ತೆಗೆಯುವವರು ಇಷ್ಟಾದರೂ ಮಾಡಬೇಕಲ್ಲವೇ.

ಇತಿ ತಮ್ಮ ವಿಧೇಯ,
ಶಿವಪ್ರಕಾಶ್

—

ಶನಿವಾರಸಂತೆ
28 ಜುಲೈ 2025

ಶ್ರೀ ಶಿವಪ್ರಕಾಶ್ ಅವರಿಗೆ,

ನಿಮ್ಮ ವ್ಯಂಗ್ಯವನ್ನು ಬದಿಗಿಟ್ಟು ಕೆಲಸದ ಮಾತಷ್ಟನ್ನು ಆರಿಸಿಕೊಂಡೆ. ಅಕ್ಕಿಯಲ್ಲಿ ಕಲ್ಲು ಆರಿಸಿ ನನಗೆ ಅಭ್ಯಾಸವಿದೆ.

ಮೊದಲ ದಿನ ಐದು ಅಕ್ಷರಗಳನ್ನೂ ದೊಡ್ಡ ಅಕ್ಷರದಲ್ಲಿ ಹೊಡೆದೆ. ಅಂಥ ಆಜ್ಞೆಯೇ ಇಲ್ಲ ಅಂತು. ಚಿಕ್ಕ ಅಕ್ಷರವೇ ಬೇಕೆಂದು ನೀವು ಹೇಳಿರಲಿಲ್ಲ. ಮರೆತಿರೋ ಬೇಕೆಂದೇ ಬಿಟ್ಟಿರೋ ನಿಮ್ಮ ಮನಸ್ಸಿಗೆ ಗೊತ್ತು. ಆಮೇಲೆ ಡ್ರೈವರ್ ಇಳಿಸಲು ಹೋದಾಗ ಪಾಸ್‌ವರ್ಡ್ ಕೇಳಿತು. ಟೈಪಿಸಿದರೆ ಒಂದು ಚುಕ್ಕಿಯೂ ಮೂಡಲಿಲ್ಲ. ಕೀಬೋರ್ಡ್ ಕೆಟ್ಟಿತೆಂದು ತಲೆಕೆಳಗು ಮಾಡಿ ಕೊಡವಿದೆ. ಎರಡು ಇರುವೆ, ಒಂದು ಅಕ್ಕಿಕಾಳು ಬಿದ್ದವು. ಲಿನಕ್ಸ್‌ನಲ್ಲಿ ಪಾಸ್‌ವರ್ಡ್ ಕಾಣುವುದೇ ಇಲ್ಲ, ಕುರುಡಾಗಿ ಹೊಡೆದು ಎಂಟರ್ ಒತ್ತಬೇಕು ಎಂದು ಫೋನಿನಲ್ಲಿ ಹುಡುಕಿದಾಗ ತಿಳಿಯಿತು. ಮುಖ್ಯವಾದ ಕೆಲಸಕ್ಕೆಲ್ಲ ಸಾಲಿನ ಮೊದಲು ಸುಡೊ ಎಂದು ಬರೆಯಬೇಕಂತೆ. ಅದನ್ನು ಮಾತ್ರ ನಿಮ್ಮನ್ನು ನೆನೆದು ಮನಸಾರೆ ಬರೆದೆ.

ಫೋನ್ ಸಿಕ್ಕಿಸಿದೆ, ಇಂಟರ್ನೆಟ್ ಬಂತು. ನನ್ನ ಫೋನಿನ ಪಿನ್ ಲೂಸು, ಮೇಜು ಅಲುಗಿದರೆ ಹೋಗುತ್ತದೆ. ಅದಕ್ಕೆ ಅಮ್ಮ ಪಕ್ಕದಲ್ಲಿ ಕೂತು ವೈರನ್ನು ಕೈಯಲ್ಲಿ ಹಿಡಿದುಕೊಂಡಿದ್ದಳು. "ಇದೇನವ್ವ, ಹಸುಗೆ ಡ್ರಿಪ್ ಹಾಕ್ದಂಗೆ" ಅಂದಳು. ಡ್ರೈವರ್ ಮ್ಯಾನೇಜರ್ ತೆರೆದರೆ "ಯಾವ ಡ್ರೈವರೂ ಬೇಕಿಲ್ಲ" ಎಂದು ಹೇಳುತ್ತದೆ. ಬೇಕಿಲ್ಲದಿದ್ದರೆ ವೈಫೈ ಎಲ್ಲಿ? ಅಂತರ್ಜಾಲದಲ್ಲಿ ಯಾರೋ ಹೇಳಿದ್ದನ್ನು ನಂಬಿ ಮೂರು ಬಗೆಯ ಡ್ರೈವರ್ ಇಳಿಸಿದೆ. ಒಂದನ್ನು ಹಾಕಿದ ಮೇಲೆ ಪರದೆಯೇ ಎರಡು ದಿನ ಬರಲಿಲ್ಲ. ಆಗ ಅತ್ತುಬಿಟ್ಟೆ, ಸುಳ್ಳು ಹೇಳುವುದಿಲ್ಲ. ಆಮೇಲೆ ಆನ್ ಆಗುವಾಗ ಬರುವ ಪಟ್ಟಿಯಲ್ಲಿ ಹಳೆಯ ಲಿನಕ್ಸ್‌ನ ಸಾಲನ್ನು ಆರಿಸಿಕೊಂಡು, ಹಾಕಿದ್ದನ್ನು ಕಿತ್ತು ಸರಿ ಮಾಡಿದೆ. ನಾನೇ ಮಾಡಿದೆ.

ನೀವು ಕೇಳಿದ ಪಟ್ಟಿಯಲ್ಲಿ ನೆಟ್‌ವರ್ಕ್ ಎಂದು ಒಂದೇ ಸಾಲಿದೆ. ಅದು ವೈರ್ ಸಿಕ್ಕಿಸುವ ಈಥರ್ನೆಟ್‌ನದು. ವೈರ್‌ಲೆಸ್ ಎಂಬ ಪದವೇ ಇಲ್ಲ. ಮೂರು ಸಲ ನೋಡಿದೆ, ಅಮ್ಮನ ಕೈಲೂ ಬೆರಳಿಟ್ಟು ನೋಡಿಸಿದೆ. ಅವಳಿಗೆ ಇಂಗ್ಲಿಷ್ ಬರುವುದಿಲ್ಲ, ಆದರೆ ಸಾಲು ಎಣಿಸುವುದು ಬರುತ್ತದೆ.

ಬೇಗ ಉತ್ತರ ಬರೆಯಿರಿ. ಇನ್ನು ಇಪ್ಪತ್ತು ದಿನವೂ ಇಲ್ಲ.

ಇತಿ,
ರಂಜಿತಾ

—

ಶಿವು ಕಂಪ್ಯೂಟರ್ಸ್, ಶನಿವಾರಸಂತೆ
2 ಆಗಸ್ಟ್ 2025

ರಂಜಿತಾ ಅವರಿಗೆ,

ಪರದೆ ಸರಿಮಾಡಿಕೊಂಡಿದ್ದೀರಿ, ಸಂತೋಷ. ಬಿಲ್ ಬರೆಯುವವರಿಗೆ ಇದು ಹೆಚ್ಚೇ.

ವೈರ್‌ಲೆಸ್ ಸಾಲು ಪಟ್ಟಿಯಲ್ಲಿ ಬರದಿದ್ದರೆ ಕಾರ್ಡ್ ಆಫ್ ಆಗಿರಬೇಕು. ಲ್ಯಾಪ್‌ಟಾಪಿನ ಮುಂದಿನ ಅಂಚಿನಲ್ಲಿ ಉಗುರಿನಷ್ಟು ಸಣ್ಣ ಸ್ವಿಚ್ ಇದೆ, ಅದನ್ನು ಬಲಕ್ಕೆ ತಳ್ಳಿ. ಅದಕ್ಕೂ ಬರದಿದ್ದರೆ ಆನ್ ಮಾಡಿದ ಕೂಡಲೇ ಎಫ್ ಹತ್ತು ಒತ್ತುತ್ತಾ ಇರಿ, ನೀಲಿ ಪರದೆ ಬರುತ್ತದೆ. ಅಲ್ಲಿ ವೈರ್‌ಲೆಸ್ ಎಂದಿರುವ ಕಡೆ ಎನೇಬಲ್ ಮಾಡಿ ಉಳಿಸಿ. ಅಲ್ಲಿ ಬೇರೆ ಏನನ್ನೂ ಮುಟ್ಟಬೇಡಿ. ಇನ್ನೂ ಬರದಿದ್ದರೆ ಬ್ಯಾಟರಿ ತೆಗೆದು, ಪವರ್ ಗುಂಡಿಯನ್ನು ಅರ್ಧ ನಿಮಿಷ ಅದುಮಿ ಹಿಡಿದು ಮತ್ತೆ ಹಾಕಿ.

ಕಾರ್ಡ್ ಒಳಗಿದೆ. ಅದರಲ್ಲಿ ಅನುಮಾನ ಬೇಡ, ನಾನು ಕೈಯಾರೆ ಕೊಟ್ಟ ಯಂತ್ರ. ಇಷ್ಟಕ್ಕೂ ಬರದಿದ್ದರೆ ಅಂಗಡಿಗೆ ಕಳಿಸಿ, ಹತ್ತು ನಿಮಿಷದಲ್ಲಿ ಮಾಡಿಕೊಡುತ್ತೇನೆ. ಧರ್ಮಪಾಲನ ಕೈಲಿ ಕಳಿಸಿದರೆ ಮಾವನ ಕರಾರೂ ಮುರಿಯುವುದಿಲ್ಲ. ತಾವೇ ತರುತ್ತೀರೆಂಬ ಭ್ರಮೆ ನನಗಿಲ್ಲ.

ಇತಿ,
ಶಿವಪ್ರಕಾಶ್

—

ಶನಿವಾರಸಂತೆ
18 ಆಗಸ್ಟ್ 2025

ಶಿವಪ್ರಕಾಶ್ ಅವರಿಗೆ,

ಶ್ರೀ ಬಿಟ್ಟಿದ್ದೇನೆ, ಗಮನಿಸಿ.

ನೀವು ಹೇಳಿದ ಸ್ವಿಚ್ ತಳ್ಳಿದೆ. ಎಫ್ ಹತ್ತು ಒತ್ತಿದೆ. ಬ್ಯಾಟರಿ ತೆಗೆದು ಅರ್ಧ ನಿಮಿಷವಲ್ಲ, ಎರಡು ನಿಮಿಷ ಅದುಮಿದೆ. ಎಲ್ಲ ಮಾಡಿ, ಗುರುವಾರ ಮಧ್ಯಾಹ್ನ ಸ್ಕ್ರೂಡ್ರೈವರ್ ತೆಗೆದುಕೊಂಡು ಹಿಂಬದಿಯ ಹನ್ನೊಂದು ಸ್ಕ್ರೂ ಬಿಚ್ಚಿದೆ. ಕಾರ್ಡ್ ಹೇಗಿರುತ್ತದೆ, ಎಲ್ಲಿ ಕೂರುತ್ತದೆ ಎಂದು ಫೋನಿನಲ್ಲಿ ಚಿತ್ರ ನೋಡಿಕೊಂಡಿದ್ದೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು, ಹಸಿರು ಬಣ್ಣದ್ದು.

ಅದು ಇರಬೇಕಾದ ಜಾಗ ಖಾಲಿ ಇದೆ. ಕಾರ್ಡಿಗೆ ಸಿಕ್ಕಿಸುವ ಕಪ್ಪು ಬಿಳಿ ಎರಡು ವೈರುಗಳ ತುದಿಗೆ ಟೇಪು ಸುತ್ತಿ ಪಕ್ಕಕ್ಕೆ ಮಡಚಿಟ್ಟಿದೆ. ಆ ಟೇಪನ್ನು ನಾನು ಎಲ್ಲಿ ನೋಡಿದರೂ ಗುರುತಿಸುತ್ತೇನೆ. ತುದಿಯನ್ನು ಒಳಕ್ಕೆ ಮಡಚಿ, ಮತ್ತೆ ಕೀಳಲು ಸುಲಭವಾಗುವ ಹಾಗೆ ಒಂದು ಕಿವಿ ಬಿಟ್ಟು ಸುತ್ತುವವರು ಈ ಊರಲ್ಲಿ ನೀವೊಬ್ಬರೇ.

ಒಂದು ತಿಂಗಳು ನನ್ನಿಂದ ಇಲ್ಲದ ಕಾರ್ಡಿಗೆ ಡ್ರೈವರ್ ಹುಡುಕಿಸಿದಿರಿ. ಕೂಸೇ ಇಲ್ಲದ ಮನೆಯಲ್ಲಿ ಕುಲಾವಿ ಹೊಲಿಸಿದಿರಿ. ಆ ಕಡೆ ಕೂತು ಎಷ್ಟು ನಕ್ಕಿರಬಹುದು. ಅಮ್ಮ ಅಷ್ಟು ದಿನ ವೈರ್ ಹಿಡಿದು ಕೂತಿದ್ದಳಲ್ಲ, ಅದನ್ನಂತೂ ಮರೆಯುವುದಿಲ್ಲ.

ಶನಿವಾರ ಅಂಗಡಿ ತೆರೆದೆ. ಫೋನಿಗೆ ವೈರ್ ಸಿಕ್ಕಿಸಿಕೊಂಡೇ ಅರ್ಜಿ ತುಂಬಿದೆ. ಧರ್ಮಪಾಲಣ್ಣನ ಹತ್ತಿರ ಒಂದು ಹಳೆಯ ಬಿಸ್ಕತ್ ಶೋಕೇಸ್ ಇತ್ತು. ಅದನ್ನು ಬಾಗಿಲಲ್ಲಿಟ್ಟು, ಲ್ಯಾಪ್‌ಟಾಪನ್ನು ಅದರೊಳಗೆ ಬೆನ್ನು ತೆರೆದು ಮಲಗಿಸಿದೆ. ಮೇಲೆ ಬೋರ್ಡು ಬರೆಸಿದ್ದೇನೆ: "ಈ ಲ್ಯಾಪ್‌ಟಾಪ್ ಶಿವು ಕಂಪ್ಯೂಟರ್ಸ್‌ನಿಂದ ಬಂದದ್ದು. ವೈಫೈ ಕಾರ್ಡ್ ಇರಬೇಕಾದ ಜಾಗ ನೋಡಿ. ನಮ್ಮಲ್ಲಿ ನಿಮ್ಮ ಕಣ್ಣೆದುರೇ ಬಿಚ್ಚುತ್ತೇವೆ, ಕಣ್ಣೆದುರೇ ಮುಚ್ಚುತ್ತೇವೆ." ಅರ್ಜಿ ತುಂಬಲು ಬೇಕಾದಾಗ ಲ್ಯಾಪ್‌ಟಾಪ್ ಹೊರಗೆ, ಮುಗಿದ ಮೇಲೆ ಮತ್ತೆ ಶೋಕೇಸಿಗೆ. ಸಂತೆಗೆ ಎಷ್ಟು ಹಳ್ಳಿಯವರು ಬರುತ್ತಾರೆಂದು ನಿಮಗೆ ಹೇಳಬೇಕಿಲ್ಲ. ಹಸಿಮೆಣಸು ತಂದವರು, ಹಂದಿಮರಿ ತಂದವರು, ಹಾಸನದ ಕಡೆಯ ಈರುಳ್ಳಿ ವ್ಯಾಪಾರಿಗಳು, ಎಲ್ಲರೂ ಬಗ್ಗಿ ನೋಡಿ ಹೋದರು. "ಒಳ್ಗಡೆದ ಕಿತ್ಕತನಾ ಅವ್ನು?" ಎಂದು ಒಬ್ಬರು ಕೇಳಿದರು. ನಾನು ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ನೋಡಿ ಅಂದೆ.

ಇತಿ,
ರಂಜಿತಾ

—

ಶನಿವಾರಸಂತೆ
25 ಆಗಸ್ಟ್ 2025

ರಂಜಿತಾ,

ತಾವು ನೀವು ಎಲ್ಲ ಈ ಕಾಗದದಲ್ಲಿ ಸಾಧ್ಯವಿಲ್ಲ. ನೀನು ಮಾಡಿದ್ದು ಬಹುವಚನಕ್ಕೆ ತಕ್ಕ ಕೆಲಸವಲ್ಲ.

ನಾನು ಆ ಕಾರ್ಡ್ ತೆಗೆದಿಲ್ಲ. ನಿನಗೆ ಕೊಡುವ ಮುಂಚೆ ಲಿನಕ್ಸ್ ಹಾಕಿದ್ದು ಕೌಂಟರಿನ ಮೇಲೆ, ಯಾವಾಗಲೂ ಇರುತ್ತಿದ್ದ ಹಾಗೆ ವೈರ್ ಸಿಕ್ಕಿಸಿಯೇ. ಹಿಂಬದಿ ಬಿಚ್ಚಲೇ ಇಲ್ಲ. ವೈಫೈ ಇದೆಯೋ ಇಲ್ಲವೋ ನೋಡಲಿಲ್ಲ, ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಟೇಪು ನನ್ನದೇ ಇರಬಹುದು. ಏಳು ವರ್ಷದಲ್ಲಿ ಆ ಯಂತ್ರವನ್ನು ಎಷ್ಟು ಸಲ ಬಿಚ್ಚಿದ್ದೇನೋ ಯಾರಿಗೆ ನೆನಪು. ಆದರೆ ನಿನಗೆ ಮೋಸ ಮಾಡಲು ತೆಗೆದಿಲ್ಲ. ನಮ್ಮವ್ವನ ಆಣೆ.

ಆಣೆ ಯಾರಿಗೆ ಬೇಕು ಈಗ. ಮೊನ್ನೆ ಒಬ್ಬಾತ ಪ್ರಿಂಟರ್ ತಂದು ನನ್ನ ಮೇಜಿನ ಎದುರು ಸ್ಟೂಲ್ ಎಳೆದುಕೊಂಡು ಕೂತ. ಟೀಗೆ ಹೋಗಿ ಬನ್ನಿ ಅಂದರೆ, "ಇಲ್ಲಣ್ಣ, ನೋಡ್ತಾ ಕುಂತಿರ್ತೀನಿ" ಅಂದ. ಹದಿನೈದು ವರ್ಷದಿಂದ ನನ್ನ ಗಿರಾಕಿ. ಪರಮೇಶಪ್ಪನವರ ಶಾಲೆಯಿಂದ ಎಂಟು ಕಂಪ್ಯೂಟರ್ ಸರ್ವಿಸಿಗೆ ಬಂದಿದ್ದವು. ಅವರೇ ಜೀಪು ತಂದು, ಒಂದೊಂದರ ಒಳಗೂ ಟಾರ್ಚ್ ಬಿಟ್ಟು ನೋಡಿ, ಹಾಗೆಯೇ ವಾಪಸು ಒಯ್ದರು. ನಾನು ಟಾರ್ಚ್ ಹಿಡಿದುಕೊಂಡು ನಿಂತಿದ್ದೆ.

ಕೂಸು ಕುಲಾವಿ ಎಂದೆಲ್ಲ ಬರೆದಿದ್ದೀ. ಕೂಸಿಲ್ಲದೆ ಏಳು ವರ್ಷ ಕಳೆದವರು ನಾವು, ಬರೆಯುವಾಗ ಅದು ನೆನಪಾಗಲಿಲ್ಲವೇ?

ಬೋರ್ಡು ತೆಗೆ. ಬೇಕಾದರೆ ಹೊಸ ಕಾರ್ಡ್ ನಾನೇ ಕಳಿಸುತ್ತೇನೆ.

ಶಿವಪ್ರಕಾಶ್

—

ಶನಿವಾರಸಂತೆ
9 ಸೆಪ್ಟೆಂಬರ್ 2025

ಶಿವಪ್ರಕಾಶ್ ಅವರಿಗೆ,

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಬೋರ್ಡಿನಲ್ಲಿ ಕಳ್ಳ ಎಂದು ನಾನು ಬರೆದಿಲ್ಲ. ಜಾಗ ನೋಡಿ ಎಂದಷ್ಟೇ ಬರೆದಿದ್ದೇನೆ. ಬೋರ್ಡು ಇರುತ್ತದೆ, ಖಾಲಿ ಜಾಗದ ಫೋಟೋ ತೆಗೆದು ಅದನ್ನೂ ಶೋಕೇಸಿಗೆ ಅಂಟಿಸಿದ್ದೇನೆ.

ನಿಮ್ಮ ಕಾರ್ಡು ಬೇಡ. ಹೊಸದನ್ನು ಆನ್‌ಲೈನ್‌ನಲ್ಲಿ ತರಿಸಿ ನಾನೇ ಕೂರಿಸಿದೆ. ಓರೆಯಾಗಿ ತೂರಿಸಿ, ಕೆಳಗೆ ಒತ್ತಿ, ಒಂದು ಸ್ಕ್ರೂ. ಕಪ್ಪು ಬಿಳಿ ವೈರುಗಳ ತುದಿಯ ಟೋಪಿಯನ್ನು ಕಾರ್ಡಿನಲ್ಲಿ ಉಬ್ಬಿರುವ ಗುಬುಟಿನ ಮೇಲಿಟ್ಟು ಉಗುರಿನಿಂದ ಅದುಮಿದರೆ ಟಕ್ ಎನ್ನುತ್ತದೆ. ನಾಲ್ಕನೆಯ ಸಲಕ್ಕೆ ಟಕ್ ಎಂದಿತು.

ಆನ್ ಮಾಡಿದೆ. ಪಟ್ಟಿಯಲ್ಲಿ ವೈರ್‌ಲೆಸ್ ಸಾಲು ಬಂತು, ವೈಫೈ ಮಾತ್ರ ಬರಲಿಲ್ಲ. ಆಗ ನಿಮ್ಮನ್ನು ಕೇಳಲು ಪೆನ್ನು ಕೈಗೆ ತೆಗೆದುಕೊಂಡಿದ್ದೆ ಎಂದರೆ ನೀವು ನಂಬುವುದಿಲ್ಲ. ಕೆಳಗಿಟ್ಟೆ. ಯಂತ್ರ ಎದ್ದೇಳುವಾಗ ತನ್ನಷ್ಟಕ್ಕೆ ಬರೆದುಕೊಳ್ಳುವ ಸಾಲುಗಳನ್ನು ಕಪ್ಪು ಕಿಟಕಿಯಲ್ಲಿ ತೋರಿಸಿಕೊಳ್ಳಬಹುದೆಂದು ಓದಿ, ಒಂದೊಂದೇ ಸಾಲು ನೋಡುತ್ತಾ ಹೋದೆ. ಕಾರ್ಡಿಗೆ ಬೇಕಾದ ಫರ್ಮ್‌ವೇರ್ ಎಂಬ ಫೈಲು ಸಿಗುತ್ತಿಲ್ಲ ಎಂದು ಅದೇ ಹೇಳುತ್ತಿತ್ತು, ಹೆಸರು ಸಮೇತ. ಕೇಳಿಸಿಕೊಳ್ಳುವವರು ಬೇಕಷ್ಟೆ. ಫೋನ್ ಸಿಕ್ಕಿಸಿ ಆ ಹೆಸರಿನ ಫೈಲು ಇಳಿಸಿ, ಅದರ ಜಾಗದಲ್ಲಿಟ್ಟು ಮತ್ತೆ ಆನ್ ಮಾಡಿದೆ.

ಮೂಲೆಯಲ್ಲಿ ಹೆಸರುಗಳು ಒಂದೊಂದಾಗಿ ಬಂದವು. ಬೇಕರಿ, ಪೆಟ್ರೋಲ್ ಬಂಕು, ಯಾರದೋ ಫೋನು. ನಾಲ್ಕನೆಯದು ಶಿವು ಕಂಪ್ಯೂಟರ್ಸ್. ಅಷ್ಟು ದೂರದಿಂದಲೂ ಎರಡು ಗೆರೆ ಸಿಗ್ನಲ್ ಇದೆ. ಪಾಸ್‌ವರ್ಡ್ ಬದಲಿಸಿದ್ದೀರೋ ಹಳೆಯದೇ ಇದೆಯೋ ನಾನು ನೋಡಲಿಲ್ಲ. ಬೇಕರಿಯದಕ್ಕೆ ಸೇರಿಕೊಂಡೆ.

ಕಳೆದ ಶನಿವಾರ ಮೂವತ್ತೊಂದು ಅರ್ಜಿ, ನಾಲ್ಕು ರಿಪೇರಿ. ನಾಲ್ಕರಲ್ಲಿ ಮೂರು ನಿಮ್ಮ ಗಿರಾಕಿಗಳವು. ಈಗ ಯಾರಿಗೆ ಏನು ಗೊತ್ತು ಎಂದು ಮಾವನ ಜಗಲಿಯಲ್ಲಿ ಮತ್ತೊಮ್ಮೆ ಹೇಳಿ ಬನ್ನಿ.

ಇತಿ,
ರಂಜಿತಾ

—

ಶನಿವಾರಸಂತೆ
6 ಅಕ್ಟೋಬರ್ 2025

ರಂಜಿತಾ ಅವರಿಗೆ,

ಈ ತಿಂಗಳ 18, ಶನಿವಾರ, ಅಂಗಡಿ ಮುಚ್ಚುತ್ತಿದ್ದೇನೆ. ಸಿದ್ದಾಪುರದಲ್ಲಿ ಒಬ್ಬರ ಮೊಬೈಲ್ ಅಂಗಡಿಯಲ್ಲಿ ಕೆಲಸ ಸಿಕ್ಕಿದೆ.

ನನಗೆ ಹೇಳುವುದು ಏನಾದರೂ ಇದ್ದರೆ ಅಷ್ಟರೊಳಗೆ ಬರೆಯಿರಿ. ಬರೆಯುವುದಕ್ಕೆ ತಡವಾದರೆ ಮಾವನ ಕರಾರನ್ನು ಒಂದು ದಿನದ ಮಟ್ಟಿಗೆ ಮರೆತರೂ ಆದೀತು. ನಾನು ಇಲ್ಲೇ ಇರುತ್ತೇನೆ.

ಶಿವಪ್ರಕಾಶ್

—

ಶನಿವಾರಸಂತೆ
10 ಅಕ್ಟೋಬರ್ 2025

ಶ್ರೀ ಶಿವಪ್ರಕಾಶ್ ಅವರಿಗೆ,

ಹೇಳುವುದೇನೂ ಇಲ್ಲ.

ರಂಜಿತಾ

—

ಶನಿವಾರಸಂತೆ
27 ಅಕ್ಟೋಬರ್ 2025

ಶ್ರೀ ಶಿವಪ್ರಕಾಶ್ ಅವರಿಗೆ,

ಸಿದ್ದಾಪುರದ ವಿಳಾಸವನ್ನು ಮಾವನಿಂದ ತೆಗೆದುಕೊಂಡೆ.

ಕಾರ್ಡ್ ಎಲ್ಲಿದೆ ಎಂದು ನನಗೆ ಗೊತ್ತಾಗಿದೆ. ಗುಡುಗಳಲೆಯ ಕಡೆಯ ಹರ್ಷಿತಾ ನಿಮಗೆ ನೆನಪಿದ್ದಾಳೋ ಇಲ್ಲವೋ. ಎರಡನೆಯ ಲಾಕ್‌ಡೌನ್‌ನಲ್ಲಿ ಹತ್ತನೇ ಕ್ಲಾಸಿನಲ್ಲಿದ್ದಳು. ಈಗ ಹಾಸನದಲ್ಲಿ ಡಿಗ್ರಿ ಕೊನೆಯ ವರ್ಷ. ದಸರಾ ರಜೆಗೆ ಊರಿಗೆ ಬಂದವಳು ಸಂತೆಯಲ್ಲಿ ನನ್ನ ಬೋರ್ಡು ಓದಿದ್ದಾಳೆ. ಒಳಗೆ ಬಂದು, ಕೂರದೆ, "ಅಕ್ಕ, ಆ ಕಾರ್ಡು ನನ್ ಲ್ಯಾಪ್‌ಟಾಪಲ್ಲೈತೆ. ನೀವೇ ಕೊಡ್ಸಿದ್ರಲ್ಲ" ಅಂದಳು.

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಒಂದೊಂದೇ ನೆನಪಾಯಿತು. ಅವಳು ಅಪ್ಪನ ಬೈಕಿನ ಹಿಂದೆ ಕೂತು, ಗೋಣಿಚೀಲದಲ್ಲಿ ಸುತ್ತಿದ ಹಳೇ ಲ್ಯಾಪ್‌ಟಾಪ್ ತಂದಿದ್ದಳು. ಕಾರ್ಡ್ ಸುಟ್ಟಿತ್ತು. ಹಾಸನದಿಂದ ಒಂದು ಸಾಮಾನೂ ಬರುತ್ತಿರಲಿಲ್ಲ. ಪಾಠ ಎಲ್ಲ ಆನ್‌ಲೈನ್, ಅವರ ಮನೆಯಲ್ಲಿ ಬೇರೆ ದಾರಿಯಿಲ್ಲ. ನೀವು ಆಗುವುದಿಲ್ಲ ಎಂದು ಕೈಚೆಲ್ಲಿದಿರಿ. ಅವಳು ಅಳಲಿಕ್ಕೆ ಶುರುಮಾಡಿದಳು. ಆಗ ಕೌಂಟರಿನಿಂದ ನಾನೇ ಅಂದೆ: "ನಂದು ಹೆಂಗೂ ವೈರಲ್ಲೇ ನಡೀತದೆ. ಇದ್ರುದ್ದು ತೆಗ್ದು ಅದ್ಕೆ ಹಾಕ್ಕೊಡಿ. ಸ್ಟಾಕ್ ಬಂದ್ಮೇಲೆ ನಂಗೆ ಹೊಸ್ದು ಹಾಕಿದ್ರಾಯ್ತು." ನೀವು ನನ್ನ ಮುಖವನ್ನೊಮ್ಮೆ ನೋಡಿ, ಬಿಚ್ಚಿ, ಟೇಪು ಸುತ್ತಿದಿರಿ. ಸ್ಟಾಕ್ ಬರುವ ಹೊತ್ತಿಗೆ ಇಬ್ಬರಿಗೂ ಮರೆತಿತ್ತು.

ಇಲ್ಲಿಯವರೆಗೆ ಬರೆದದ್ದು ಸುಲಭ. ಇನ್ನು ಮುಂದಿನದು.

ಹರ್ಷಿತಾ ಬಂದದ್ದು ಸೆಪ್ಟೆಂಬರ್ 27ಕ್ಕೆ. ನೀವು ಅಂಗಡಿ ಮುಚ್ಚುವುದಕ್ಕೆ ಮೂರು ವಾರ ಮುಂಚೆ. ಹೇಳುವುದಿದ್ದರೆ ಹೇಳಿ ಎಂದು ನಿಮ್ಮ ಕಾಗದ ಬಂದಾಗ ನನಗೆ ಗೊತ್ತಿತ್ತು. ಹೇಳುವುದೇನೂ ಇಲ್ಲ ಎಂದು ಬರೆದಾಗಲೂ ಗೊತ್ತಿತ್ತು. ಮೊದಲ ದಿನ ಬೋರ್ಡು ತೆಗೆಯಲೆಂದೇ ಸ್ಟೂಲ್ ಹತ್ತಿದೆ. ಆ ಕಡೆ ನಿಮ್ಮ ಅಂಗಡಿ ಖಾಲಿ ಹೊಡೆಯುತ್ತಿತ್ತು, ನೀವೊಬ್ಬರೇ ಮೇಜಿನ ಮುಂದೆ ಕೂತಿದ್ದಿರಿ. ಇನ್ನೊಂದು ವಾರ ಹೀಗೇ ಕೂರಲಿ ಅನ್ನಿಸಿತು. ಇಳಿದೆ. ಮುಂದಿನ ವಾರವೂ ಹಾಗೇ ಅನ್ನಿಸಿತು. ನಿಮ್ಮನ್ನು ಹಾಗೆ ನೋಡುವುದು ನನಗೆ ಹಿತವಾಗಿತ್ತು. ಅದನ್ನು ಬೇರೆ ಮಾತಲ್ಲಿ ಹೇಳಲು ಬರುವುದಿಲ್ಲ.

ಹದಿನೆಂಟರ ಸಂಜೆ ನೀವು ಶಟರ್ ಇಳಿಸುವಾಗ ನಾನು ಬಾಗಿಲಲ್ಲಿದ್ದೆ. ಬೀಗ ಹಾಕಿ, ತಿರುಗಿ ನನ್ನನ್ನು ಬಹಳ ಹೊತ್ತು ನೋಡಿದಿರಿ. ಶಪಿಸುತ್ತಿದ್ದೀರಿ ಅಂದುಕೊಂಡೆ. ಶಪಿಸಲಿ, ಗೆದ್ದವಳು ನಾನು ಅಂದುಕೊಂಡೆ. ಬೋರ್ಡನ್ನು ಮಾರನೆಯ ದಿನ ತೆಗೆದೆ. ಯಾಕೆ ತೆಗೆದೆ ಎಂದು ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಾದ ಮೇಲೆ ಬೋರ್ಡು ಯಾತಕ್ಕೆ ಎಂದು ಅವರೇ ಅರ್ಥ ಮಾಡಿಕೊಂಡರು. ನಾನೂ ತಿದ್ದಲಿಲ್ಲ. ಈಗ ಎಂಟು ದಿನದಿಂದ ಊಟ ಸೇರುತ್ತಿಲ್ಲ. ಅಮ್ಮ ಕಾರಣ ಕೇಳುತ್ತಾಳೆ, ಅವಳಿಗೂ ಹೇಳಿಲ್ಲ.

ಕ್ಷಮಿಸಿ ಎಂದು ಬರೆಯಲು ನನಗಿನ್ನೂ ಆಗುತ್ತಿಲ್ಲ. ಗೊತ್ತಿರಲಿ ಎಂದು ಬರೆದಿದ್ದೇನೆ.

ರಂಜಿತಾ

—

ಸಿದ್ದಾಪುರ
3 ನವೆಂಬರ್ 2025

ರಂಜಿತಾ,

ನಿನ್ನ ಕಾಗದ ಬಂತು. ಎರಡು ಸಲ ಓದಿದೆ.

ಮಾವನ ಜಗಲಿಯಲ್ಲಿ ನಾನಾಡಿದ ಮಾತು ಸುಳ್ಳು. ಸುಟ್ಟ ಕಾರ್ಡ್ ನೋಡಿ ನಾನು ಕೈಚೆಲ್ಲಿದಾಗ ದಾರಿ ತೋರಿಸಿದವಳು ನೀನು. ಅದೊಂದೇ ಸಲ ಅಲ್ಲ. ಹತ್ತು ಜನರ ಮುಂದೆ ಹೇಳಬೇಕಾದದ್ದನ್ನು ಒಬ್ಬಳಿಗೆ ಕಾಗದದಲ್ಲಿ ಹೇಳುತ್ತಿದ್ದೇನೆ. ಈಗ ಅದರಿಂದ ನಿನಗೂ ಲಾಭವಿಲ್ಲ, ನನಗೂ ಇಲ್ಲ.

ನಿನಗೆ ತಿಳಿಯದ ಒಂದು ವಿಷಯವಿದೆ. ಬರೆಯದೆ ಬಿಟ್ಟರೆ ನೀನು ಇನ್ನು ಸ್ವಲ್ಪ ದಿನಕ್ಕೆ ಸರಿಹೋಗುತ್ತೀ, ಊಟವೂ ಸೇರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಹರ್ಷಿತಾ ಅವತ್ತು ಮೊದಲು ಬಂದದ್ದು ನನ್ನ ಅಂಗಡಿಗೆ. ಬೆಳಿಗ್ಗೆ ಹತ್ತಕ್ಕೆ ಬಂದಳು. ಬೋರ್ಡು ಓದಿ ಗಾಬರಿಯಾಗಿದ್ದಳು. "ಅಣ್ಣ, ನನ್ನಿಂದ ಹಿಂಗಾಯ್ತು, ನಾನ್ ಹೋಗಿ ಸಂತೇಲಿ ಎಲ್ರಿಗೂ ಹೇಳ್ತೀನಿ" ಅಂದಳು. ಹೇಳಿಸಬಹುದಿತ್ತು. ಅವಳ ಲ್ಯಾಪ್‌ಟಾಪನ್ನು ನಿನ್ನ ಶೋಕೇಸಿನ ಪಕ್ಕದಲ್ಲೇ ಬಿಚ್ಚಿ ತೋರಿಸಿ, ಅಷ್ಟೂ ಹಳ್ಳಿಯವರ ಎದುರು ನಿನ್ನ ಮುಖಕ್ಕೆ ಮಸಿ ಬಳಿಯಬಹುದಿತ್ತು. ಕೈ ತುರಿಸಿತು. ಆದರೆ ಅವಳಿಗೆ ಹೇಳಿದೆ, "ರಂಜಿತಕ್ಕನಿಗೆ ಮಾತ್ರ ಹೇಳು. ನಾನು ಕಳಿಸಿದೆ ಅನ್ಬೇಡ. ಇನ್ಯಾರಿಗೂ ಹೇಳ್ಬೇಡ." ಅವಳು ರಸ್ತೆ ದಾಟುವುದನ್ನು, ನಿನ್ನ ಬಾಗಿಲು ಹೊಗುವುದನ್ನು ನೋಡಿದೆ. ನೀನು ಸ್ಟೂಲ್ ಹತ್ತಿದ್ದನ್ನೂ ನೋಡಿದೆ. ಇಳಿದದ್ದನ್ನೂ ನೋಡಿದೆ.

ಸಿದ್ದಾಪುರದ ಕೆಲಸವನ್ನು ನಾನು ಆಗಿನ್ನೂ ಒಪ್ಪಿರಲಿಲ್ಲ. ನೀನು ಬೋರ್ಡು ತೆಗೆದರೆ ಉಳಿಯುವುದು, ಇಲ್ಲದಿದ್ದರೆ ಏಳು ವರ್ಷ ಯಾರ ಜೊತೆ ಇದ್ದೆ ಎಂದು ತಿಳಿದುಕೊಂಡು ಹೋಗುವುದು ಎಂದು ತೀರ್ಮಾನಿಸಿ ಕೂತೆ. ಮೂರು ವಾರ ಖಾಲಿ ಅಂಗಡಿಯಲ್ಲಿ ಬರಿದೇ ಕೂತಿದ್ದೆ ಅಂದುಕೊಂಡೆಯಾ? ನಿನ್ನ ಬಾಗಿಲನ್ನೇ ನೋಡುತ್ತಾ ಕೂತಿದ್ದೆ. ಹೇಳುವುದಿದ್ದರೆ ಹೇಳು ಎಂದು ಕೊನೆಗೆ ನಾನೇ ಬರೆದೆ. ನಿನ್ನ ಒಂದು ಸಾಲಿನ ಉತ್ತರ ಬಂದ ದಿನ ಸಿದ್ದಾಪುರಕ್ಕೆ ಫೋನ್ ಮಾಡಿ ಬರುತ್ತೇನೆ ಅಂದೆ.

ಇನ್ನು ನನಗೆ ಬರೆಯಬೇಡ. ಮಾವನಿಗೆ ನಾನೇ ಹೇಳುತ್ತೇನೆ, ಕರಾರು ಮುಗಿಯಿತು ಎಂದು.

ಬೀಗ ಹಾಕಿ ನಾನು ತಿರುಗಿ ನೋಡಿದ್ದು, ನೀನು ಈಗಲಾದರೂ ರಸ್ತೆ ದಾಟಿ ಬರುತ್ತೀಯೇನೋ ಎಂದು. ಬಂದಿದ್ದರೆ ಬೀಗ ತೆಗೆಯುತ್ತಿದ್ದೆ.

ಶಿವಪ್ರಕಾಶ್